ಕಾರು ಮಗುವಿನದು, ಸ್ಟೀರಿಂಗ್ ನಮ್ಮದು: ಬ್ರಿಟನ್ನಿನ ಮೋಟಬಿಲಿಟಿ ಕಾರನ್ನು ಮನೆಯವರು ಯಾವಾಗ ಓಡಿಸಬಹುದು?

ಹೋದ ಬೇಸಿಗೆಯಲ್ಲಿ ನಮ್ಮತ್ತೆ ಬೆಂಗಳೂರಿನಿಂದ ಬರುವವರಿದ್ದರು. ಬೆಳಿಗ್ಗೆ ಏಳಕ್ಕೆ ವಿಮಾನ ಹೀಥ್ರೋಗೆ. ಕೆಲಸಕ್ಕೆಂದು ಆಗಷ್ಟೇ ಇಲ್ಲಿಗೆ ಬಂದು ನಮ್ಮ ಮನೆಯಲ್ಲಿದ್ದ ಮೈದುನ, ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡು, "ಅತ್ತಿಗೆ, ನೀವು ಮಲ್ಕೊಳ್ಳಿ, ಅಮ್ಮನ್ನ ನಾನೇ ಕರ್ಕೊಂಡು ಬರ್ತೀನಿ" ಅಂದ. ಒಳ್ಳೆ ಮನಸ್ಸಿನಿಂದಲೇ ಅಂದಿದ್ದು. ನಾನು ಕೀಲಿ ಕಿತ್ತುಕೊಂಡೆ. "ಆ ಕಾರು ನಂದಲ್ಲ ಕಣಪ್ಪ, ನಿಮ್ಮಣ್ಣಂದೂ ಅಲ್ಲ. ಪುಟ್ಟಿದು."

ಅವನು ನಕ್ಕ. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ನಮ್ಮ ಪುಟ್ಟಿಗೆ ಒಂಬತ್ತು ವರ್ಷ. ನಡೆಯಲು ಆಗುವುದಿಲ್ಲ. ಇಂಥ ಮಕ್ಕಳಿಗೆ ಇಲ್ಲಿನ ಸರ್ಕಾರ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್, ಅಂದರೆ ಡಿಎಲ್‌ಎ ಕೊಡುತ್ತದೆ. ಅದರಲ್ಲಿ ಎರಡು ಭಾಗ. ಒಂದು ಆರೈಕೆಗೆ, ಇನ್ನೊಂದು ಓಡಾಟಕ್ಕೆ. ಓಡಾಟದ ಭಾಗದಲ್ಲಿ ಮೇಲಿನ ದರ ಸಿಕ್ಕರೆ (2025–26ರಲ್ಲಿ ವಾರಕ್ಕೆ 77.05 ಪೌಂಡ್) ಆ ದುಡ್ಡಿನ ಬದಲಿಗೆ ಮೋಟಬಿಲಿಟಿ ಯೋಜನೆಯಲ್ಲಿ ಕಾರು ತೆಗೆದುಕೊಳ್ಳಬಹುದು. 1977ರಿಂದ ಇರುವ ಯೋಜನೆ ಇದು. ಕಾರು ನಮ್ಮದಾಗುವುದಿಲ್ಲ, ಸಾಮಾನ್ಯವಾಗಿ ಮೂರು ವರ್ಷದ ಲೀಸ್. ವಿಮೆ, ಸರ್ವೀಸ್, ಬ್ರೇಕ್‌ಡೌನ್ ಎಲ್ಲ ಅದರಲ್ಲೇ ಬಂತು. ಕೆಲವು ಕಾರುಗಳಿಗೆ ಮೊದಲೇ ಒಂದಿಷ್ಟು ಕೈಯಿಂದ ಕಟ್ಟಬೇಕು. ಮೇಲಿನ ದರ ಮೂರು ವರ್ಷ ತುಂಬಿದ ಮೇಲೆ ಮಾತ್ರ ಸಿಗುತ್ತದೆ. ಸ್ಕಾಟ್‌ಲೆಂಡಿನಲ್ಲಿ ಇರುವವರಿಗೆ ಡಿಎಲ್‌ಎ ಬದಲು ಚೈಲ್ಡ್ ಡಿಸೆಬಿಲಿಟಿ ಪೇಮೆಂಟ್.

ಇಲ್ಲೊಂದು ಮಾತು ಹೇಳಲೇಬೇಕು, ಯಾಕಂದರೆ ನಮ್ಮವರು ಎಡವುವುದೇ ಇಲ್ಲಿ. ಡಿಎಲ್‌ಎ ಸಾರ್ವಜನಿಕ ನಿಧಿಯ, ಅಂದರೆ ಸರ್ಕಾರಿ ಭತ್ಯೆಗಳ ಲೆಕ್ಕಕ್ಕೆ ಬರುತ್ತದೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದ ಕುಟುಂಬಗಳ ವೀಸಾಕ್ಕೆ 'ಸಾರ್ವಜನಿಕ ನಿಧಿ ಇಲ್ಲ' ಅನ್ನುವ ಷರತ್ತು ಇರುತ್ತದೆ. ಆ ಷರತ್ತು ಮಗುವಿನ ಮೇಲೂ ಇದ್ದರೆ ಅರ್ಜಿ ಹಾಕಬೇಡಿ, ವೀಸಾಕ್ಕೇ ಕುತ್ತು. ಮಗು ಬ್ರಿಟಿಷ್ ಪ್ರಜೆಯಾಗಿದ್ದರೆ ಕಥೆ ಬೇರೆ, ಏಕೆಂದರೆ ಡಿಎಲ್‌ಎ ಮಗುವಿನ ಹಕ್ಕು, ಅಪ್ಪ-ಅಮ್ಮಂದಲ್ಲ. ಆದರೂ ಅರ್ಜಿಗೆ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಕೇಳಬೇಡಿ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಅಲ್ಲಿ ಜಾಸ್ತಿ.

ಈಗ ಮೈದುನನ ವಿಷಯ. ಮೋಟಬಿಲಿಟಿ ಕಾರಿನ ವಿಮೆ ಇರುವುದು ಹೆಸರು ಬರೆಸಿದ ಚಾಲಕರಿಗೆ ಮಾತ್ರ. ಮಗುವಿನ ಕಾರಾದರೆ ಸಾಮಾನ್ಯವಾಗಿ ಅಪ್ಪ, ಅಮ್ಮ. ಅಜ್ಜಿ, ಚಿಕ್ಕಪ್ಪ, ಮನೆಗೆ ಬರುವ ಆಯಾ, ಯಾರನ್ನು ಬೇಕಾದರೂ ಸೇರಿಸಲು ಕೇಳಬಹುದು. ಆದರೆ ಹೆಸರು ಸೇರುವ ತನಕ ಕೀಲಿ ಮುಟ್ಟುವಂತಿಲ್ಲ. ಚಾಲಕರು ಮಗುವಿನ ಮನೆಯ ಆಸುಪಾಸಿನಲ್ಲೇ, ಐದು ಮೈಲಿಯೊಳಗೆ ಇರಬೇಕು ಅನ್ನುವುದು ಮಾಮೂಲು ನಿಯಮ. ಅಂದರೆ ಲೆಸ್ಟರ್‌ನಲ್ಲಿರುವ ಮಗುವಿನ ಕಾರು ಲಂಡನ್ನಿನ ಚಿಕ್ಕಪ್ಪನ ಮನೆ ಮುಂದೆ ನಿಂತಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕ ವಯಸ್ಸಿನ ಚಾಲಕರಿಗೆ ಇನ್ನೂ ಬಿಗಿ ಷರತ್ತುಗಳಿವೆ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ 12 ತಿಂಗಳು ಸಣ್ಣ ಗಾಡಿ ಓಡಿಸಲು ಕಾನೂನು ಬಿಡುತ್ತದೆ. ಅದನ್ನು ಇಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ, ಪರೀಕ್ಷೆ ಬರೆದು, ಗಾಡಿ ಓಡಿಸಿ ತೋರಿಸಿಯೇ ಪಡೆಯಬೇಕು. "ಕಾನೂನು ಬಿಡುತ್ತಲ್ಲ" ಅಂತ ಮೈದುನ ವಾದ ಹೂಡಿದ. ಕಾನೂನು ಬಿಟ್ಟರೆ ಸಾಲದು, ವಿಮೆಯೂ ಬಿಡಬೇಕು. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ ಆರು ಪಾಯಿಂಟ್. ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಇಲ್ಲಿನ ಲೈಸೆನ್ಸ್ ಹೊಸದಾಗಿ ಸಿಕ್ಕ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೂ ಹೋಯಿತು, ಮತ್ತೆ ಮೊದಲಿನಿಂದ ಪರೀಕ್ಷೆ. ಕಾರು ಹೋದರೆ ಸೋಮವಾರ ಪುಟ್ಟಿ ಶಾಲೆಗೆ ಹೇಗೆ ಹೋಗುವುದು? ಅವನು ಸುಮ್ಮನಾದ.

ಎಲ್ಲರೂ ಕೇಳುವ ಪ್ರಶ್ನೆ ಇದು: ಓಡಿಸುವಾಗ ಮಗು ಕಾರಲ್ಲಿ ಇರಲೇಬೇಕಾ?

ಬೇಕಿಲ್ಲ. ಆದರೆ ಆ ಓಡಾಟ ಮಗುವಿಗಾಗಿ ಇರಬೇಕು. ಅವಳ ಔಷಧಿ ತರುವುದು, ಮನೆಗೆ ದಿನಸಿ ತರುವುದು, ಶಾಲೆಗೆ ಬಿಟ್ಟು ಖಾಲಿ ಕಾರಲ್ಲಿ ವಾಪಸ್ ಬರುವುದು, ಎಲ್ಲ ಸರಿ. ಆ ಕಾರಲ್ಲಿ ಟ್ಯಾಕ್ಸಿ ಹೊಡೆಯುವುದು, ಊಟದ ಡೆಲಿವರಿ ಮಾಡುವುದು ಖಂಡಿತ ಇಲ್ಲ. ನಡುವೆ ಇರುವುದೇ ತಲೆನೋವು. ಶಾಲೆಗೆ ಬಿಟ್ಟು ಹಾಗೇ ಆಫೀಸಿಗೆ ಹೋಗಬಹುದಾ? ಶನಿವಾರ ಗೆಳೆಯನ ಮನೆ ಶಿಫ್ಟ್ ಮಾಡಲು ಕೊಡಬಹುದಾ? ಎರಡನೆಯದಕ್ಕೆ ನನ್ನ ಉತ್ತರ ನೇರ, ಬೇಡ. ಮೊದಲನೆಯದಕ್ಕೆ ಮೋಟಬಿಲಿಟಿಗೆ ನಿಮ್ಮ ದಿನಚರಿ ಹೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ನಾಳೆ ಯಾರ ನೆನಪಲ್ಲೂ ಇರುವುದಿಲ್ಲ.

ಅತ್ತೆಯನ್ನು ಕರೆತರಲು ಕೊನೆಗೆ ನಾನೇ ಹೋದೆ, ಪುಟ್ಟಿಯನ್ನೂ ಎಬ್ಬಿಸಿ ಕೂರಿಸಿಕೊಂಡು. ಅಜ್ಜಿ ಬರುವುದು ಅವಳಿಗಾಗಿಯೇ ಅಲ್ವಾ?

ಅಂಗವಿಕಲರ ಪಾರ್ಕಿಂಗ್‌ಗೆ ಕೊಡುವ ಬ್ಲೂ ಬ್ಯಾಡ್ಜ್ ಮಾತ್ರ ಬೇರೆ ಜಾತಿ. ಕಾರಿನ ನಿಯಮವೇ ಬ್ಯಾಡ್ಜಿಗೂ ಅಂತ ನಾವೂ ಅಂದುಕೊಂಡಿದ್ದೆವು. ಒಂದು ಸಂಜೆ ಪುಟ್ಟಿಗೆ ಜ್ವರ, ಮಲಗಿದ್ದಳು. ಇವರು ಅವಳ ಔಷಧಿ ತರಲು ಹೋದರು. ಮಳೆ ಸುರಿಯುತ್ತಿತ್ತು, ಔಷಧಿ ಅಂಗಡಿ ಎದುರಿನ ಅಂಗವಿಕಲರ ಜಾಗದಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡ್ ಮೇಲೆ ಬ್ಯಾಡ್ಜ್ ಇಟ್ಟರು. ಐದು ನಿಮಿಷದ ಕೆಲಸ. ವಾಪಸ್ ಬಂದಾಗ ಪಾರ್ಕಿಂಗ್ ವಾರ್ಡನ್ ನಿಂತಿದ್ದ. ಬ್ಯಾಡ್ಜ್ ಕೇಳಿ ಪಡೆದು ತಿರುಗಿಸಿದ. ಹಿಂಬದಿಯಲ್ಲಿ ಎರಡು ಜಡೆ ಹಾಕಿದ ಪುಟ್ಟಿಯ ಫೋಟೋ. "ಇವಳೆಲ್ಲಿ?" ಅಂದ. ಇವರು ಕೈಯಲ್ಲಿದ್ದ ಔಷಧಿ ಚೀಲ ತೋರಿಸಿದರು, ಚೀಟಿಯಲ್ಲಿ ಅವಳದೇ ಹೆಸರು. ಅದು ಲೆಕ್ಕಕ್ಕೆ ಬರಲಿಲ್ಲ. ಬರೋದೂ ಇಲ್ಲ. ಆ ಓಡಾಟಕ್ಕೆ ಕಾರು ಬಳಸಿದ್ದು ಪೂರ್ತಿ ಸರಿ, ಬ್ಯಾಡ್ಜ್ ಬಳಸಿದ್ದು ಪೂರ್ತಿ ತಪ್ಪು. ಬ್ಯಾಡ್ಜ್ ಇಡುವುದು ಮಗು ಜೊತೆಯಲ್ಲಿದ್ದಾಗ, ಇಲ್ಲವೇ ಮಗುವನ್ನು ಇಳಿಸಲು, ಹತ್ತಿಸಿಕೊಳ್ಳಲು ನಿಲ್ಲಿಸಿದಾಗ ಮಾತ್ರ. ದುರುಪಯೋಗಕ್ಕೆ 1,000 ಪೌಂಡ್ ತನಕ ದಂಡ ಬೀಳಬಹುದು. ನಾವು ಕಟ್ಟಿದ್ದು ಅಷ್ಟಿಲ್ಲ, ಆದರೂ ಆ ತಿಂಗಳು ಹೋಟೆಲ್ ದೋಸೆ ಬಂದ್.

ಬ್ಯಾಡ್ಜ್ ಕಾರಿಗೆ ಅಂಟಿದ್ದಲ್ಲ, ಮಗುವಿಗೆ ಸೇರಿದ್ದು. ಹಾಗಾಗಿ ಮಗು ಚಿಕ್ಕಮ್ಮನ ಕಾರಲ್ಲಿ ಹೋದರೆ ಬ್ಯಾಡ್ಜೂ ಆ ಕಾರಿಗೇ ಹೋಗಬಹುದು. ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ನಿರ್ಬಂಧದ ಹಳದಿ ಗೆರೆ ಮೇಲೆ ನಿಲ್ಲಿಸಿದರೆ ಮೂರು ಗಂಟೆ ಮಿತಿ, ಬ್ಯಾಡ್ಜ್ ಜೊತೆಗಿನ ಗಡಿಯಾರದ ಬಿಲ್ಲೆಯನ್ನು ಬಂದ ಹೊತ್ತಿಗೆ ತಿರುಗಿಸಿ ಇಡಬೇಕು.

ಮೋಟಬಿಲಿಟಿ ಬೇಡ, ಇರುವ ಕಾರೇ ಸಾಕು, ದುಡ್ಡೇ ಬರಲಿ ಅನ್ನುವವರಿಗೂ ಒಂದು ಅನುಕೂಲ ಇದೆ. ಒಂದು ಕಾರಿಗೆ ರಸ್ತೆ ತೆರಿಗೆ ಪೂರ್ತಿ ಮಾಫಿ. ಆದರೆ ಷರತ್ತು ಇನ್ನೂ ಬಿಗಿ. ಆ ಕಾರು ಮಗುವಿನ ಅಗತ್ಯಕ್ಕೆ ಮಾತ್ರ, ಅಪ್ಪನ ಸ್ವಂತ ಕೆಲಸಕ್ಕೆ ಅಲ್ಲ. ಮನೆಯಲ್ಲಿ ಒಂದೇ ಕಾರಿದ್ದರೆ ಇದನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ಯೋಚಿಸಿಯೇ ಅರ್ಜಿ ಹಾಕಿ.

ಊರಿಗೆ ಹೋಗುವಾಗ? ತಾತ್ಕಾಲಿಕವಾಗಿ ಹೋದರೆ 13 ವಾರದ ತನಕ ಡಿಎಲ್‌ಎ ನಿಲ್ಲುವುದಿಲ್ಲ, ಚಿಕಿತ್ಸೆಗೆ ಹೋದರೆ 26 ವಾರ. ನಾಲ್ಕು ವಾರ ದಾಟುವುದಾದರೆ ಮುಂಚೆಯೇ ತಿಳಿಸಿ. ಹೋದ ಡಿಸೆಂಬರಿನಲ್ಲಿ ನಾನು, ಪುಟ್ಟಿ ಆರು ವಾರ ಮೈಸೂರಿನಲ್ಲಿದ್ದೆವು. ಇವರು ಇಲ್ಲೇ. ಮಗು ಊರಲ್ಲೇ ಇಲ್ಲದಾಗ ಅವಳಿಗಾಗಿ ಓಡಿಸಿದೆ ಅಂತ ಯಾವ ಬಾಯಲ್ಲಿ ಹೇಳುವುದು? ಇವರು ಆರು ವಾರವೂ ಚಳಿಯಲ್ಲಿ ಬಸ್ಸಿಗೆ ಕಾದರು. ದಿನಾ ರಾತ್ರಿ ಫೋನಿನಲ್ಲಿ ಅದರದೇ ಪುರಾಣ.

ಹದಿನಾರು ತುಂಬುವಾಗ ಎಚ್ಚರ ಇರಲಿ. ಡಿಎಲ್‌ಎ ಮುಗಿದು, ಪಿಪ್ ಅನ್ನುವ ದೊಡ್ಡವರ ಭತ್ಯೆಗೆ ಹೊಸದಾಗಿ ಅರ್ಜಿ ಹಾಕಬೇಕು. ಓಡಾಟದ ಮೇಲಿನ ದರ ಅಲ್ಲೂ ಸಿಕ್ಕರೆ ಕಾರು ಉಳಿಯುತ್ತದೆ, ಇಲ್ಲವಾದರೆ ವಾಪಸ್. ಆ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂರಿ.

ಆ ದರ ಸಿಕ್ಕ ಮಕ್ಕಳು ಉಳಿದವರಿಗಿಂತ ಒಂದು ವರ್ಷ ಮೊದಲೇ, ಹದಿನಾರಕ್ಕೇ ಕಾರು ಕಲಿಯಬಹುದು. ಇದು ಪುಟ್ಟಿಗೆ ಗೊತ್ತಾಗಿಬಿಟ್ಟಿದೆ. ಹಿಂದಿನ ಸೀಟಿನಿಂದ ಈಗಲೇ ಶುರು: "ಅಮ್ಮಾ, ನನ್ ಕಾರು, ಸ್ವಲ್ಪ ನಿಧಾನ."