ನಾಯಿ ಎಚ್ಚರಿಸಲಿ, ಮೀಟರ್ ತೀರ್ಮಾನಿಸಲಿ

ಟೈಪ್ 1 ಮಧುಮೇಹವಿರುವ ಮಗುವಿಗೆ ನಿದ್ದೆಯಲ್ಲಿ ರಕ್ತದ ಸಕ್ಕರೆ ಕುಸಿದರೆ ಅದನ್ನು ಹೇಳುವವರು ಯಾರು? ಹಗಲಿನಲ್ಲೂ ಚಿಕ್ಕ ಮಕ್ಕಳಿಗೆ ತಮಗೇನಾಗುತ್ತಿದೆ ಎಂಬುದು ತಿಳಿಯುವುದಿಲ್ಲ. ಹಟ ಹಿಡಿಯುತ್ತಾರೆ, ಅಳುತ್ತಾರೆ, ಇಲ್ಲವೇ ಸುಮ್ಮನೆ ಕೂತುಬಿಡುತ್ತಾರೆ. ಇಂಥ ಮಗುವಿನ ಪಕ್ಕದಲ್ಲಿ ಮೂಗಿನಿಂದಲೇ ಕಾವಲು ಕಾಯುವ ನಾಯಿಯ ಸುದ್ದಿ ಓದಿದವರೆಲ್ಲ ಕೇಳುವುದು ಒಂದೇ: ನಮಗೂ ಒಂದು ಸಿಕ್ಕೀತೇ? ಸಿಕ್ಕೀತು. ಆದರೆ ನಾಯಿಯನ್ನು ತರುವ ಮುಂಚೆ ಮತ್ತು ತಂದ ಮೇಲೆ ಮನೆಯವರು ಮಾಡಬೇಕಾದ ಕೆಲಸ ಸಾಕಷ್ಟಿದೆ.

ಮೊದಲು ವೈದ್ಯರ ಬಳಿ ಹೋಗಿ

ನಾಯಿ ಯಾವ ಕೆಲಸಕ್ಕೆ ಬೇಕು ಎಂಬುದು ಮೊದಲು ಸ್ಪಷ್ಟವಾಗಬೇಕು. ಮಧುಮೇಹದಲ್ಲಿ ಸಕ್ಕರೆ ಸಾಮಾನ್ಯವಾಗಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಕುಸಿತ ಎನ್ನುತ್ತಾರೆ. ಆಗ ಉಸಿರು ಮತ್ತು ಬೆವರಿನ ವಾಸನೆ ಬದಲಾಗುತ್ತದೆ. ಉಸಿರಿನಲ್ಲಿ ಐಸೊಪ್ರೀನ್ ಎಂಬ ರಾಸಾಯನಿಕ ಹೆಚ್ಚುವುದನ್ನು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ತೋರಿಸಿದರು. ನಾಯಿ ಹಿಡಿಯುವುದು ಅದನ್ನೇ ಇರಬಹುದು. ಕಡಲೆಕಾಯಿಯಂಥ ಅಲರ್ಜಿಯಿರುವ ಮಕ್ಕಳಿಗೆ ಆಹಾರದಲ್ಲಿ, ಆಡುವ ಜಾಗದಲ್ಲಿ ಅದರ ವಾಸನೆ ಹುಡುಕುವ ನಾಯಿಗಳಿವೆ.

ಅಪಸ್ಮಾರದ ವಿಷಯದಲ್ಲಿ ಮಾತ್ರ ತುಸು ಹುಷಾರಾಗಿರಿ. ಮಗುವಿಗೆ ಫಿಟ್ಸ್ ಬಂದಾಗ ಬೊಗಳಿ ದೊಡ್ಡವರನ್ನು ಕರೆಯುವುದು, ಗಂಟೆಯ ಗುಂಡಿ ಒತ್ತುವುದು, ಪಕ್ಕದಲ್ಲೇ ಮಲಗುವುದು ಇವನ್ನೆಲ್ಲ ಕಲಿಸಬಹುದು. ಬರುವ ಮೊದಲೇ ಎಚ್ಚರಿಸುವುದನ್ನು ಕಲಿಸಿಕೊಡುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಕೆಲವು ನಾಯಿಗಳು ಮಗುವಿನ ಜೊತೆಯಲ್ಲಿದ್ದು ತಾವಾಗಿ ಅದನ್ನು ಕಲಿಯುತ್ತವೆ, ಎಲ್ಲವೂ ಅಲ್ಲ.

ಮಗುವಿಗೆ ನಾಯಿಯ ಅಲರ್ಜಿ ಇದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಡೆಯುತ್ತಿದೆಯೇ ಎಂಬುದನ್ನೂ ವೈದ್ಯರೊಡನೆ ಆಗಲೇ ಮಾತನಾಡಿ. ಅಲರ್ಜಿಯನ್ನೇ ಉಂಟುಮಾಡದ ತಳಿ ಎಂಬುದು ಜಾಹೀರಾತಿನಲ್ಲಷ್ಟೇ ಇದೆ.

ಸಂಸ್ಥೆಯನ್ನು ಪರೀಕ್ಷಿಸಿ

ತರಬೇತಿ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಒಕ್ಕೂಟ ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್. ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ. ಒಳ್ಳೆಯ ಸಂಸ್ಥೆಗಳಲ್ಲಿ ಸರದಿ ಉದ್ದವಿರುತ್ತದೆ. ಒಂದು ನಾಯಿ ಸಿದ್ಧವಾಗಲು ಒಂದೂವರೆಯಿಂದ ಎರಡು ವರ್ಷ ಹಿಡಿಯುವುದರಿಂದ ಇದು ಸಹಜ. ‘ಮುಂದಿನ ತಿಂಗಳೇ ಕೊಡುತ್ತೇವೆ’ ಎನ್ನುವವರ ಬಗ್ಗೆ ಅನುಮಾನ ಇಟ್ಟುಕೊಳ್ಳಿ. ಮಧುಮೇಹ ಪತ್ತೆಗೆ ಸಿದ್ಧವಾದ ನಾಯಿ ಎಂದು ಹೇಳಿ ಸರಿಯಾದ ತರಬೇತಿಯಿಲ್ಲದ ಮರಿಗಳನ್ನು ದುಬಾರಿ ಬೆಲೆಗೆ ಮಾರಿದ ಆರೋಪದ ಮೇಲೆ ಅಮೆರಿಕದ ವರ್ಜೀನಿಯಾ ರಾಜ್ಯವೇ 2018ರಲ್ಲಿ ಒಂದು ಸಂಸ್ಥೆಯ ವಿರುದ್ಧ ಮೊಕದ್ದಮೆ ಹೂಡಿತ್ತು.

ಕೇಳಲೇಬೇಕಾದ ಪ್ರಶ್ನೆ: ‘ನಾಯಿಯನ್ನು ಹೇಗೆ ಪರೀಕ್ಷಿಸುತ್ತೀರಿ?’ ಹಲವು ಡಬ್ಬಿಗಳಲ್ಲಿ ಒಂದರಲ್ಲಿ ಮಾತ್ರ ಸಕ್ಕರೆ ಕುಸಿದಾಗ ತೆಗೆದ ಬೆವರಿನ ಅಥವಾ ಎಂಜಲಿನ ಮಾದರಿ ಇಟ್ಟು, ಅದು ಯಾವುದೆಂದು ನಾಯಿಯ ಜೊತೆಗಿರುವವರಿಗೂ ಗೊತ್ತಿಲ್ಲದಂತೆ ಪರೀಕ್ಷಿಸಬೇಕು. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆ ನಿಜವಾಗಿ ಓದುತ್ತಿದ್ದುದು ಪ್ರಶ್ನೆ ಕೇಳುವವರ ಮುಖವನ್ನು ಎಂಬುದು 1907ರಲ್ಲೇ ಬಯಲಾಯಿತು. ಅಮ್ಮನ ಆತಂಕದ ಮುಖ ಓದುವುದರಲ್ಲಿ ನಾಯಿ ಆ ಕುದುರೆಗಿಂತ ಚುರುಕು.

ಮಾದರಿ ಸಂಗ್ರಹ

ತರಬೇತಿಗೆ ವಾಸನೆ ಒದಗಿಸುವವರು ನೀವೇ. ಸಕ್ಕರೆ ಕುಸಿದಿದೆ ಎಂದು ಮೀಟರ್ ತೋರಿಸಿದಾಗ, ಮಗು ಪೂರ್ತಿ ಎಚ್ಚರವಾಗಿದ್ದರೆ ಮಾತ್ರ, ಶುದ್ಧ ಹತ್ತಿಯಿಂದ ಬಾಯಿಯ ಒಳಗೆ ಅಥವಾ ಬೆವರಿದ ಚರ್ಮದ ಮೇಲೆ ಒರೆಸಿ, ಗಾಳಿಯಾಡದ ಡಬ್ಬಿಗೆ ಹಾಕಿ, ದಿನಾಂಕ ಮತ್ತು ಮಟ್ಟ ಬರೆದು ಫ್ರೀಜರಿನಲ್ಲಿಡಿ. ಇದು ಕೆಲವೇ ಸೆಕೆಂಡುಗಳ ಕೆಲಸ. ಅದೂ ತಡವೆನಿಸಿದರೆ ಬಿಟ್ಟುಬಿಡಿ, ಚಿಕಿತ್ಸೆ ಮೊದಲು. ಆದರೆ ಗ್ಲೂಕೋಸ್ ಕೊಟ್ಟ ಮೇಲೆ ತೆಗೆದ ಮಾದರಿ ಬೇಡ. ಅದರಿಂದ ನಾಯಿ ಕಲಿಯುವುದು ಕುಸಿತದ ವಾಸನೆಯನ್ನಲ್ಲ, ಗ್ಲೂಕೋಸ್ ಮಾತ್ರೆಯ ವಾಸನೆಯನ್ನು. ಅದೇ ಮಗುವಿನ ಮಟ್ಟ ಸರಿಯಿದ್ದಾಗಿನ ಮಾದರಿಗಳೂ ಬೇಕು, ಇಲ್ಲದಿದ್ದರೆ ನಾಯಿ ಕುಸಿತದ ವಾಸನೆಯ ಬದಲು ಮಗುವಿನ ವಾಸನೆಯನ್ನೇ ಗುರುತಿಸುತ್ತದೆ.

ಮನೆಗೆ ಬಂದ ಮೇಲೆ

ನಾಯಿ ಪಂಜದಿಂದ ತಟ್ಟಿತು, ಮೂಗಿನಿಂದ ತಿವಿಯಿತು, ಅಥವಾ ಔಷಧದ ಚೀಲ ಕಚ್ಚಿ ತಂದಿತು ಎನ್ನಿ. ಆ ಕ್ಷಣವೇ ಸಕ್ಕರೆ ಕೊಡಬೇಡಿ, ಆ ಕ್ಷಣವೇ ನಾಯಿಗೆ ತಿಂಡಿಯನ್ನೂ ಕೊಡಬೇಡಿ. ಮೊದಲು ಅಳೆಯಿರಿ. ಕುಸಿದಿದ್ದರೆ ವೈದ್ಯರು ಬರೆದುಕೊಟ್ಟಷ್ಟು ಗ್ಲೂಕೋಸ್ ಕೊಟ್ಟು, ನಾಯಿಗೆ ಬಹುಮಾನ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮಗುವಿಗೆ ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ತುರ್ತು ಚಿಕಿತ್ಸೆಗೆ ಕರೆಮಾಡಿ. ಮಟ್ಟ ಸರಿಯಿದ್ದರೆ ಬಹುಮಾನ ಬೇಡ, ಬೈಯುವುದೂ ಬೇಡ. ಇಳಿಯುತ್ತಿರಬಹುದು, ಸ್ವಲ್ಪ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ಪ್ರತಿ ಸಲ ತಟ್ಟಿದ್ದಕ್ಕೂ ತಿಂಡಿ ಕೊಟ್ಟರೆ ಹಸಿವಾದಾಗಲೆಲ್ಲ ತಟ್ಟುವ ನಾಯಿ ತಯಾರಾಗುತ್ತದೆ.

ಒಂದು ಪುಸ್ತಕದಲ್ಲಿ ಸಮಯ, ನಾಯಿಯ ಸೂಚನೆ, ಮೀಟರಿನ ಅಂಕಿ ಬರೆದಿಡಿ. ನಾಯಿ ಸುಮ್ಮನಿದ್ದು ಸಕ್ಕರೆ ಕುಸಿದ ಸಂದರ್ಭಗಳನ್ನು ಬರೆಯುವುದು ಬೇಸರದ ಕೆಲಸ, ಆದರೆ ಮುಖ್ಯವಾದದ್ದು ಅದೇ. ಸಕ್ಕರೆ ಸರಿಯಿದ್ದಾಗ ತಟ್ಟಿದ್ದನ್ನೂ ಬಿಡದೆ ಬರೆಯಿರಿ: ದಿನಕ್ಕೆ ಇಪ್ಪತ್ತು ಸಲ ತಟ್ಟುವ ನಾಯಿ ಎಲ್ಲ ಕುಸಿತಗಳನ್ನೂ ‘ಹಿಡಿದಂತೆ’ ಕಾಣುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ 27 ನಾಯಿಗಳ ಅಧ್ಯಯನದಲ್ಲಿ ಮಧ್ಯಮ ಸಾಮರ್ಥ್ಯದ ನಾಯಿ ಕುಸಿತಗಳಲ್ಲಿ 83%ರಷ್ಟನ್ನು ಗುರುತಿಸಿತ್ತು. ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳವಿತ್ತು. ಎಲ್ಲಕ್ಕಿಂತ ಚೆನ್ನಾದ ನಾಯಿಗೂ ನಿದ್ದೆ ಬರುತ್ತದೆ, ನೆಗಡಿಯಾಗುತ್ತದೆ. ಹಾಗಾಗಿ ಮೈಗೆ ಅಂಟಿಸಿದ ಗ್ಲೂಕೋಸ್ ಸೆನ್ಸರನ್ನು ನಾಯಿಯ ನೆಚ್ಚಿಕೆಯಲ್ಲಿ ಕಿತ್ತುಹಾಕಬೇಡಿ. ಸೆನ್ಸರ್ ಕೂಗಿದ ಮೇಲೆ ಓಡಿಬಂದ ನಾಯಿಗೆ ತಿಂಡಿ ಕೊಡಲೂಬೇಡಿ. ಅದು ವಾಸನೆ ಬಿಟ್ಟು ಆ ಸದ್ದಿಗೆ ಕಾಯತೊಡಗುತ್ತದೆ.

ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಕೆಲವು ಸಿಹಿತಿಂಡಿಗಳು, ಟೂತ್‌ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ. ಸ್ವಲ್ಪ ತಿಂದರೂ ನಾಯಿಯ ಸಕ್ಕರೆಯೇ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಮಧುಮೇಹದ ಮನೆಯಲ್ಲಿ ಇಂಥ ವಸ್ತುಗಳು ಕೈಗೆ ಸಿಗುವಂತೆ ಇರುವುದೇ ಹೆಚ್ಚು; ಎತ್ತರದ ಕಪಾಟಿಗೆ ಸೇರಿಸಿ.

ನಾಯಿಯ ಹೊಣೆ ಚಿಕ್ಕ ಮಗುವಿನದಲ್ಲ. ಮಗು, ನಾಯಿ, ಒಬ್ಬ ದೊಡ್ಡವರು ಸೇರಿ ತಂಡ. ಸೂಚನೆ ನೋಡುವುದು, ಅಳೆಯುವುದು, ಅಭ್ಯಾಸ ಮಾಡಿಸುವುದು ದೊಡ್ಡವರ ಕೆಲಸ. ಶಾಲೆಗೆ ಕಳಿಸುವುದಾದರೆ ಅಲ್ಲಿಯೂ ಇದಕ್ಕೆ ಒಬ್ಬರು ಬೇಕು, ಇಲ್ಲವೆಂದರೆ ನಾಯಿ ಮನೆಯಲ್ಲೇ ಇರಲಿ. ಅದಕ್ಕೂ ಆಟಕ್ಕೆ, ಸುಮ್ಮನೆ ಬಿದ್ದುಕೊಳ್ಳಲಿಕ್ಕೆ ದಿನದಲ್ಲಿ ಹೊತ್ತು ಬೇಕು. ನಾಯಿ ಕೆಲಸ ಮಾಡುವುದು ಸುಮಾರು ಎಂಟರಿಂದ ಹತ್ತು ವರ್ಷ. ಸರದಿ ಉದ್ದವಿರುವುದರಿಂದ ಎರಡನೆಯ ನಾಯಿ ಬೇಕೆನ್ನುವವರು ಮೊದಲನೆಯದಕ್ಕೆ ವಯಸ್ಸಾಗುವ ಮುಂಚೆಯೇ ಅರ್ಜಿ ಹಾಕಿಡುವುದು ಲೇಸು.