ಪಾಳಿ ಬಿಡುವ ಹೊತ್ತಿಗೆ ತಿದ್ದಿದ ನಕ್ಷೆ

ಹಾಸನದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯ ಅಂಚಿನಲ್ಲಿರುವ ಹಳ್ಳಿಯೊಂದರ ಭೂಬಳಕೆ ಸಮೀಕ್ಷೆಯನ್ನು ನನಗೆ ವಹಿಸಿದಾಗ, ನಾನು ಮೊದಲು ಮಾಡಿದ್ದು ವಾಡಿಕೆಯ ಕೆಲಸವನ್ನೇ. ಗ್ರಾಮ ನಕ್ಷೆಯ ಪ್ರತಿ ತಂದು, ಸರ್ವೆ ನಂಬರುಗಳನ್ನು ಪಹಣಿಯೊಂದಿಗೆ ತಾಳೆ ನೋಡಿ, ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ತುಂಬಿದೆ. ಆ ಹಾಳೆಯನ್ನು ಹಿಡಿದು ಹಳ್ಳಿಯೊಳಗೆ ನಡೆದಾಗ, ಪಹಣಿಯಲ್ಲಿ ರಾಗಿ ಎಂದು ನಮೂದಾಗಿದ್ದ ಹೊಲದಲ್ಲಿ ಶೀಟು ಹೊದಿಸಿದ ಬಾಡಿಗೆ ಕೊಠಡಿಗಳ ಸಾಲು ಕಂಡಿತು. ನಾನು ಬಣ್ಣ ತುಂಬಿದ್ದು ದಾಖಲೆಗೇ ಹೊರತು ಊರಿಗಲ್ಲ ಎಂಬುದು ಅಲ್ಲಿ ತಿಳಿಯಿತು.

ಮರುದಿನದಿಂದ ಕ್ರಮ ಬದಲಿಸಿದೆ. ಬೆಳಗಿನ ಆರು, ಮಧ್ಯಾಹ್ನದ ಎರಡು ಮತ್ತು ರಾತ್ರಿಯ ಹತ್ತು ಗಂಟೆಗೆ, ಅಂದರೆ ಪಾಳಿ ಬದಲಾಗುವಾಗ, ಕಾರ್ಖಾನೆಗಳ ಗೇಟಿನ ಬಳಿ ನಿಂತು, ಹೊರಬಂದವರು ಯಾವ ದಾರಿ ಹಿಡಿಯುತ್ತಾರೆಂದು ಗುರುತು ಮಾಡಿಕೊಂಡೆ. ಸಿದ್ಧ ಉಡುಪಿನ ಘಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಡಾಂಬರು ರಸ್ತೆಗೆ ಹೋಗದೆ ಹೊಲಗಳ ನಡುವಿನ ದಾರಿಯೊಂದಕ್ಕೆ ಇಳಿದರು. ಗ್ರಾಮ ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದರೆ, ಅದು ಜೋಡಿ ಚುಕ್ಕೆಗೆರೆಯಲ್ಲಿ ತೋರಿಸಿದ್ದ ಹಳೆಯ ಬಂಡಿದಾರಿ. ಕೊಠಡಿಗಳ ಸಾಲುಗಳೆಲ್ಲ ಅದರ ಎರಡೂ ಬದಿಗೆ ಹಬ್ಬಿದ್ದವು. ಊರು ಬೆಳೆದದ್ದು ಕಾರ್ಖಾನೆಯ ಸುತ್ತ ಅಲ್ಲ, ಕೆಲಸ ಮುಗಿಸಿದವರು ಮನೆಗೆ ಮರಳುವ ದಾರಿಯ ಗುಂಟ.

ಕೈಗಾರಿಕೆ ಬಂದ ಹಲವೆಡೆ ಹೀಗೆ ಆಗಿದೆ. 1801ರಲ್ಲಿ ಸುಮಾರು 75 ಸಾವಿರ ಜನರಿದ್ದ ಮ್ಯಾಂಚೆಸ್ಟರ್, ಹತ್ತಿಗಿರಣಿಗಳಿಂದಾಗಿ 1851ರ ಹೊತ್ತಿಗೆ 3 ಲಕ್ಷದಷ್ಟಾಯಿತು. ಗಿರಣಿ ಕಟ್ಟಲು ಬಂಡವಾಳ ಬಂತು, ದುಡಿಯುವವರು ಮಲಗುವ ಜಾಗಕ್ಕೆ ಯಾರೂ ಹೊಣೆಯಾಗಲಿಲ್ಲ. ಬ್ರಿಟನ್ನಿನಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದದ್ದು ಕಾಲರಾ ಹಾವಳಿಯನ್ನು ಕಂಡ ಮೇಲೆ, 1848ರಲ್ಲಿ. ಬೆಂಗಳೂರಿನಲ್ಲಿಯೂ ಬಸವನಗುಡಿ ಮತ್ತು ಮಲ್ಲೇಶ್ವರದಂಥ ಹೊಸ ಬಡಾವಣೆಗಳಿಗೆ ಒತ್ತು ಸಿಕ್ಕಿದ್ದು 1898ರ ಪ್ಲೇಗಿನಿಂದ. ನಮ್ಮಲ್ಲಿ ಪಟ್ಟಣದ ಮಹಾಯೋಜನೆ ನಡೆಯುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ; ಕೈಗಾರಿಕಾ ಪ್ರದೇಶಕ್ಕೆ ಭೂಮಿ ಒದಗಿಸುವುದು 1966ರ ಬೇರೊಂದು ಕಾಯ್ದೆಯಂತೆ. ಒಂದು ಊರನ್ನು ನೋಡುತ್ತದೆ, ಇನ್ನೊಂದು ಕಾರ್ಖಾನೆಯನ್ನು. ಆ ಬಾಡಿಗೆ ಕೊಠಡಿಗಳು ಎರಡರ ನಡುವಿನ ಸಂದಿನಲ್ಲಿ ಎದ್ದಿದ್ದವು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ತೀರ ವಿರುದ್ಧವಾದುದನ್ನು ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ನೋಡಿದ್ದೆ. 1976ರಲ್ಲಿ ಸ್ಥಾಪನೆಯಾದ ಗಣಿ ಕಂಪನಿಯೇ ಅಲ್ಲಿ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ರಸ್ತೆ ಎಲ್ಲವನ್ನೂ ಯೋಜಿಸಿ ಕಟ್ಟಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ, ಊರಿಗೆ ಬೇರೆ ಆಸರೆ ಇರಲಿಲ್ಲ. ಬೀಗ ಬಿದ್ದ ಮನೆಗಳ ಸಾಲಿನಲ್ಲಿ ನಡೆದ ಮೇಲೆ, ಅಚ್ಚುಕಟ್ಟಾದ ಊರೆಂದರೆ ಒಳ್ಳೆಯ ಯೋಜನೆ ಎಂಬ ನನ್ನ ನಂಬಿಕೆ ಸಡಿಲವಾಯಿತು. ಹಾಸನದ ಆ ಹಳ್ಳಿಯಲ್ಲಿ ಒಂದು ಘಟಕ ಮುಚ್ಚಿದರೂ ಕೊಠಡಿಗೆ ಇನ್ನೊಬ್ಬ ಬಾಡಿಗೆದಾರ ಬರುತ್ತಾನೆ.

ಹಾಗೆಂದು ಅಲ್ಲಿಯ ಬೆಳವಣಿಗೆಯನ್ನು ನಾನು ಒಪ್ಪುವುದಿಲ್ಲ. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಅರ್ಧ ಬಿಟ್ಟರೆ 30×40 ಅಡಿಯ 18 ನಿವೇಶನಗಳಾಗುತ್ತವೆ; ಓಣಿಯಷ್ಟೇ ಬಿಟ್ಟರೆ ಮೂವತ್ತರ ಸಮೀಪ. ಭೂಪರಿವರ್ತನೆಯಿಲ್ಲದ, ಅಂದರೆ ದಾಖಲೆಯಲ್ಲಿ ಇನ್ನೂ ಕೃಷಿ ಜಮೀನಾಗಿಯೇ ಇರುವ, ರೆವಿನ್ಯೂ ಸೈಟುಗಳು ಏಕೆ ಬೇಗ ಮಾರಾಟವಾಗುತ್ತವೆಂಬುದು ಈ ಲೆಕ್ಕದಲ್ಲೇ ಇದೆ, ಅಲ್ಲಿ ಚರಂಡಿಗೆ ಜಾಗವೇ ಇಲ್ಲದಿರುವುದೂ ಇದೇ ಲೆಕ್ಕದಿಂದ.

ಕೊನೆಯ ನಕ್ಷೆಯಲ್ಲಿ ಕೊಠಡಿಗಳಿದ್ದ ಸರ್ವೆ ನಂಬರುಗಳಿಗೆ ಕೃಷಿಯ ಹಸಿರಿನ ಮೇಲೆ ವಸತಿಯ ಹಳದಿ ಅಡ್ಡಗೆರೆ ಎಳೆದು, ದಾಖಲೆಯಲ್ಲಿರುವುದು ಮತ್ತು ನೆಲದ ಮೇಲಿರುವುದು ಎರಡನ್ನೂ ತೋರಿಸಿದೆ. ಬಂಡಿದಾರಿಯನ್ನು ಅಳೆಯುತ್ತಿದ್ದಾಗ ಬಾಡಿಗೆ ಮನೆಗಳ ಯಜಮಾನಿಯಾದ ಅಜ್ಜಿಯೊಬ್ಬರು ಬಂದು, “ಸ್ವಾಮಿ, ನಮ್ಮಪ್ಪ ಗಾಡಿ ಹೊಡೀತಿದ್ದ ದಾರಿ ಇದು, ಕಾಗದದಾಗೆ ಅಳಿಸಿಬಿಡಬೇಡಿ” ಎಂದರು. ಅಳಿಸುವ ಮಾತೇ ಇರಲಿಲ್ಲ. “ರಾತ್ರಿ ಪಾಳಿಯವರು ನಡೆಯುವ ದಾರಿ, ಅಗಲಗೊಳಿಸಿ ದೀಪ ಹಾಕಿಸಬೇಕು, ಬದಿಯ ಚರಂಡಿಯ ನೀರು ಕೆರೆಗೆ ಸೇರದಂತೆ ತಿರುಗಿಸಬೇಕು” ಎಂದು ಅದರ ಗುಂಟ ಬರೆದು, ಇಳಿಜಾರಿನ ಬಾಣಗಳನ್ನು ಗುರುತಿಸಿ ಹಾಳೆಯನ್ನು ಒಪ್ಪಿಸಿದೆ.