ಕಕ್ಕಡದ ಮಳೆಯಲ್ಲಿ ಸಿಎಫ್‌ಎಲ್ ಬೆಳಕಿನ ಸಸಿಮಡಿ: ನನ್ನ ಅನುಭವ

ಮಡಿಕೇರಿಯ ಆಸುಪಾಸಿನಲ್ಲಿ ಜುಲೈ ತಿಂಗಳಲ್ಲಿ, ನಮ್ಮ ಕೊಡಗಿನ ಜಡಿಮಳೆಯ ಕಕ್ಕಡ ಮಾಸದ ಹೊತ್ತಿಗೆ, ದೊಣ್ಣೆ ಮೆಣಸಿನ ಸಸಿ ಎಬ್ಬಿಸುತ್ತೇನೆಂದಾಗ ಮೊದಲು ಬೇಡವೆಂದವರು ನಮ್ಮ ಅಣ್ಣ. "ಬಿಸಿಲೇ ಇಲ್ಲದ ಊರಲ್ಲಿ ಬಲ್ಬ್ ಕಟ್ಟಿ ಗಿಡ ಮಾಡುತ್ತೀಯಾ? ಕರೆಂಟ್ ಬಿಲ್ಲಿಗೆ ಕಾಫಿ ಮಾರಬೇಕಾದೀತು" ಎಂದರು. ಎರಡು ವರ್ಷ ಅವರ ಮಾತೇ ನಿಜವಾಯಿತು. ಮೂರನೆಯ ವರ್ಷ ನಾಲ್ಕು ಪ್ರೋಟ್ರೇಗಳ (ಸಸಿ ಎಬ್ಬಿಸುವ ಗುಳಿಗಳ ತಟ್ಟೆ) 392 ಗುಳಿಗಳಲ್ಲಿ ಸುಮಾರು 350 ಸಸಿಗಳು ಗಿಡ್ಡಗೆ, ದಪ್ಪ ಕಾಂಡದೊಂದಿಗೆ ನಿಂತಾಗ, ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಗೆ ಬಂದ ಅದೇ ಅಣ್ಣ ಅರ್ಧ ಟ್ರೇ ಕೇಳಿ ತೆಗೆದುಕೊಂಡು ಹೋದರು.

ನಾನು ಬಳಸುವುದು ಸಿಎಫ್‌ಎಲ್, ಅಂದರೆ ಎಲ್‌ಇಡಿ ಬರುವ ಮೊದಲು ಮನೆಗಳಲ್ಲಿ ಉರಿಯುತ್ತಿದ್ದ ಸುರುಳಿ ಕೊಳವೆಯ ಬಲ್ಬು. ಮೊದಲ ವರ್ಷದ ತಪ್ಪು ದೊಡ್ಡ ಬಲ್ಬಿನ ಆಸೆ. 85 ವ್ಯಾಟಿನ ಒಂದೇ ಸಿಎಫ್‌ಎಲ್‌ಗೆ ಸುಮಾರು 600 ರೂಪಾಯಿ ಕೊಟ್ಟು ತಂದು, ಟ್ರೇಗಳಿಂದ ಎರಡಡಿ ಮೇಲೆ ನೇತುಹಾಕಿದೆ. ಕೋಣೆಯೇನೋ ಬೆಳಗಿತು, ಆದರೆ ಮೊಳಕೆಗಳು ವಾರದೊಳಗೆ ದಾರದಂತೆ ಉದ್ದವಾಗಿ ನಡುವಿನ ಬಲ್ಬಿನ ಕಡೆಗೆ ಬಾಗಿದವು. ನಮ್ಮ ಕಣ್ಣಿಗೆ ಸಾಕೆನಿಸುವ ಬೆಳಕು ಗಿಡಕ್ಕೆ ಸಾಲದು, ಅದೂ ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಹೆಚ್ಚು ಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ದೊಡ್ಡ ಬಲ್ಬನ್ನು ಹತ್ತಿರ ತಂದರೆ ಕೆಳಗಿನ ಸಸಿ ಬಾಡುತ್ತದೆ, ಅಂಚಿನದು ಕತ್ತಲಲ್ಲಿ ಉಳಿಯುತ್ತದೆ. ಹಾಗಾಗಿ ಅದನ್ನು ಹಸುವಿನ ಕೊಟ್ಟಿಗೆಗೆ ಕಟ್ಟಿ, 23 ವ್ಯಾಟಿನ ಎಂಟು ಬಲ್ಬುಗಳಿಗೆ ಬಂದೆ.

ಎರಡನೆಯ ವರ್ಷ ಬಣ್ಣದಲ್ಲಿ ಎಡವಿದೆ. ಕುಶಾಲನಗರದ ಅಂಗಡಿಯೊಂದರಲ್ಲಿ ಎಲ್‌ಇಡಿ ಬಂದ ಮೇಲೆ ಮಾರಾಟವಾಗದೆ ಉಳಿದಿದ್ದ ಸಿಎಫ್‌ಎಲ್‌ಗಳು ತಲಾ 40 ರೂಪಾಯಿಯಂತೆ ಸಿಕ್ಕವು. ಡಬ್ಬದ ಮೇಲೆ "100 ವ್ಯಾಟಿಗೆ ಸಮ" ಎಂದು ದೊಡ್ಡದಾಗಿ ಬರೆದಿದ್ದುದನ್ನಷ್ಟೇ ನೋಡಿ, ಮೂಲೆಯಲ್ಲಿ ಸಣ್ಣದಾಗಿದ್ದ 2700 ಕೆಲ್ವಿನ್ ಎಂಬ ಬೆಳಕಿನ ಬಣ್ಣದ ಅಳತೆಯನ್ನು ಗಮನಿಸದೆ ಎಲ್ಲವನ್ನೂ ತಂದೆ. ಹಳದಿ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ, ಸಸಿ ಮತ್ತೆ ಉದ್ದವಾಯಿತು. ಸಮ ಎಂಬ ಲೆಕ್ಕ ಹಳೆಯ ತಂತಿ ಬಲ್ಬಿಗೆ ಹೋಲಿಸಿದ್ದು, ನಮಗೆ ಅದರಿಂದ ಏನೂ ಉಪಯೋಗವಿಲ್ಲ. ನಾವು ನೋಡಬೇಕಾದದ್ದು ಬಲ್ಬು ನಿಜವಾಗಿ ಎಳೆಯುವ ವ್ಯಾಟ್, ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಮತ್ತು ಕೆಲ್ವಿನ್ ಮಾತ್ರ. 23 ವ್ಯಾಟಿನ ಒಳ್ಳೆಯ ಬಲ್ಬು 1400 ಲ್ಯೂಮೆನ್ ಆಸುಪಾಸು ಕೊಡಬೇಕು. ಸಸಿಗೆ 6500 ಕೆಲ್ವಿನ್, ಅಂದರೆ ಅಂಗಡಿಯವರು ಕೂಲ್ ಡೇಲೈಟ್ ಎನ್ನುವ ಬಿಳಿ ಬೆಳಕೇ ಸರಿ. ಮನೆಯ ಜಗಲಿಯಲ್ಲಿ ಮೂರ್ನಾಲ್ಕು ವರ್ಷ ಉರಿದ ಬಲ್ಬುಗಳನ್ನು ಕಿತ್ತು ತಂದು ಹಾಕುವುದೂ ಬೇಡ, ಅವು ಉರಿಯುತ್ತವೆ, ಆದರೆ ಬೆಳಕು ಸೊರಗಿರುತ್ತದೆ.

ಅದೇ ವರ್ಷ ಇನ್ನೊಂದು ನಷ್ಟವಾಯಿತು. ಸುತ್ತ ತಗಡು ಮುಚ್ಚಿದ ಪೆಟ್ಟಿಗೆಯೊಳಗೆ ಬಲ್ಬುಗಳನ್ನು ತಲೆಕೆಳಗಾಗಿ ನೇತುಹಾಕಿದ್ದರಿಂದ ಬಿಸಿಯೆಲ್ಲ ಮೇಲಕ್ಕೆ ಏರಿ, ಬುಡದಲ್ಲಿರುವ ಚೋಕಿಗೇ (ಬಲ್ಬನ್ನು ಉರಿಸುವ ಎಲೆಕ್ಟ್ರಾನಿಕ್ ಭಾಗ) ತಟ್ಟುತ್ತಿತ್ತು. ತಿಂಗಳೊಳಗೆ ಮೂರು ಬಲ್ಬುಗಳ ಬುಡ ಕಂದುಗಟ್ಟಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದು ಸತ್ತುಹೋದವು. ಈಗ ಪೆಟ್ಟಿಗೆಯ ಮೇಲ್ಭಾಗ ತೆರೆದಿಟ್ಟು, ಹೋಲ್ಡರುಗಳನ್ನು ರೀಪಿನ ಪಟ್ಟಿಗೆ ಅಡ್ಡಲಾಗಿ ಹೊಡೆದಿದ್ದೇನೆ. ಬಲ್ಬು ಮಲಗಿದಾಗ ಚೋಕು ತಂಪಾಗಿರುತ್ತದೆ, ಜೊತೆಗೆ ಸುರುಳಿಯ ತುದಿಗಿಂತ ಪಕ್ಕದಿಂದಲೇ ಹೆಚ್ಚು ಬೆಳಕು ಬರುವುದರಿಂದ ಅದು ನೇರವಾಗಿ ಸಸಿಯ ಮೇಲೆ ಬೀಳುತ್ತದೆ. ಒಳಗೋಡೆಗಳಿಗೆ ಸುಕ್ಕಾದ ಬೆಳ್ಳಿ ಹಾಳೆಗಿಂತ ಎರಡು ಕೈ ಸುಣ್ಣ ಬಳಿದದ್ದೇ ನನಗೆ ಚೆನ್ನಾಗಿ ಕಂಡಿತು.

ಎತ್ತರವನ್ನು ನಾನು ಅಳೆಯುವುದು ಅಂಗೈಯಿಂದ. ಎಲೆಯ ಮಟ್ಟದಲ್ಲಿ ಅಂಗೈ ಚಾಚಿ ಅರ್ಧ ನಿಮಿಷ ಹಿಡಿದರೆ ಹಿತವಾದ ಬೆಚ್ಚಗೆ ಅನಿಸಬೇಕು, ಸುಡಬಾರದು. ಸಾಮಾನ್ಯವಾಗಿ ಇದು ನಾಲ್ಕು ಇಂಚಿನ ಹತ್ತಿರ ಬರುತ್ತದೆ. ಸಸಿ ಏರಿದಂತೆ ಎರಡು ದಿನಕ್ಕೊಮ್ಮೆ ಪಟ್ಟಿಯನ್ನೂ ಏರಿಸುತ್ತೇನೆ.

ಎಲ್‌ಇಡಿ ಇರುವಾಗ ಇದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ನಮ್ಮ ಮಳೆಯಲ್ಲೇ ಇದೆ. ಕಕ್ಕಡದಲ್ಲಿ ಒಳಕೋಣೆಯಲ್ಲಿಟ್ಟ ಬಟ್ಟೆಗೂ ಬೂಸ್ಟು ಬರುತ್ತದೆ. ದೊಣ್ಣೆ ಮೆಣಸಿನ ಬೀಜ ಚಳಿಗೆ ಏಳುವುದಿಲ್ಲ, ಎದ್ದ ಮೊಳಕೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗುತ್ತದೆ. ಒಂದು ಟ್ರೇಯನ್ನು ಎಲ್‌ಇಡಿ ಕೆಳಗೂ ಇಟ್ಟು ನೋಡಿದೆ, ಬೆಳವಣಿಗೆಯಲ್ಲಿ ಕೊರತೆಯಿರಲಿಲ್ಲ, ಆದರೆ ಗುಳಿಗೆ ತುಂಬಿದ ಕೋಕೋಪೀಟಿನ (ತೆಂಗಿನ ನಾರಿನ ಪುಡಿ) ಮೇಲೆ ಪಾಚಿ ಕಟ್ಟಿ ಕಾಲುಭಾಗ ಸಸಿ ಕೊಳೆತುಹೋಯಿತು. ಸಿಎಫ್‌ಎಲ್ ಪೆಟ್ಟಿಗೆ ಹೊರಗಿನ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಬೆಚ್ಚಗಿದ್ದು, ಮೇಲ್ಪದರ ಸಂಜೆಯೊಳಗೆ ಆರುತ್ತಿತ್ತು. ಬಯಲುಸೀಮೆಯವರಿಗೆ ಬೇಡವಾದ ಈ ಬಿಸಿಯೇ ನಮಗೆ ಬೇಕಾದದ್ದು.

ಎಂಟು ಬಲ್ಬು ದಿನಕ್ಕೆ 16 ಗಂಟೆ ಉರಿದರೆ ಮೂರು ಯೂನಿಟ್ಟಿಗೆ ಸ್ವಲ್ಪ ಕಡಿಮೆ. 40 ದಿನಕ್ಕೆ 120 ಯೂನಿಟ್ ಎಂದುಕೊಂಡರೂ ನನಗೆ ಬಿದ್ದದ್ದು ಸಾವಿರ ರೂಪಾಯಿಯೊಳಗೆ. ಮರ ಬಿದ್ದು ಕರೆಂಟ್ ಹೋದ ದಿನಗಳಲ್ಲಿ ನಾಲ್ಕೇ ಬಲ್ಬನ್ನು ಇನ್ವರ್ಟರಿಗೆ ಹಾಕಿ ದಿನ ತಳ್ಳಿದ್ದೇನೆ. ಒಮ್ಮೆ ಮೂರು ದಿನ ಪೂರ್ತಿ ಕತ್ತಲಾಯಿತು, ಆಗ ನೀರು ಪೂರ್ತಿ ನಿಲ್ಲಿಸಿದ್ದರಿಂದ ಸಸಿ ಉಳಿಯಿತು. ಬೀಜ, ಕೋಕೋಪೀಟ್, ಬಲ್ಬು ಎಲ್ಲ ಸೇರಿ ಮೂರೂವರೆ ಸಾವಿರ ತಗಲಿರಬೇಕು. ಅರ್ಧದಷ್ಟು ಸಸಿಯನ್ನು ಅಕ್ಕಪಕ್ಕದವರಿಗೆ ಮಾರಿ ಎರಡು ಸಾವಿರದ ಹತ್ತಿರ ಬಂತು, ಉಳಿದವು ನಮ್ಮದೇ ಮಳೆಮರೆಯೊಳಗೆ ನೆಟ್ಟು ಕಾಯಿ ಬಿಟ್ಟವು.

ಒಂದು ಬಲ್ಬು ಕೈಜಾರಿ ಟ್ರೇಯ ಮೇಲೆ ಒಡೆದದ್ದನ್ನೂ ಹೇಳಬೇಕು. ಒಳಗೆ ಪಾದರಸವಿರುವುದರಿಂದ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಿ, ಪೊರಕೆ ಮುಟ್ಟದೆ, ಚೂರುಗಳನ್ನು ದಪ್ಪ ಕಾಗದದಿಂದ ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಟ್ರೇಯನ್ನು ಸಸಿ ಸಮೇತ ಬಿಟ್ಟುಬಿಟ್ಟೆ. ಒಂದು ಟ್ರೇ ಸಸಿ ಹೋದದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೇಡವಾದ 2700 ಕೆಲ್ವಿನ್ ಬಲ್ಬುಗಳು ವ್ಯರ್ಥವಾಗಲಿಲ್ಲ. ಸೇವಂತಿಗೆಗೆ ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು. ಸೆಪ್ಟೆಂಬರಿನಿಂದ ಒಂದು ಮಡಿಗೆ ನಡುರಾತ್ರಿ ಎರಡು ಗಂಟೆ ಈ ಹಳದಿ ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸಿದೆ, ಪಕ್ಕದ ಮಡಿಗೆ ಕೊಡಲಿಲ್ಲ. ಪಕ್ಕದ್ದು ನವೆಂಬರಿನಲ್ಲೇ ಅರಳಿ ಮುಗಿಯಿತು. ಬೆಳಕಿನ ಮಡಿ ಎಲೆಯಲ್ಲೇ ಉಳಿದು, ನವೆಂಬರ್ ಮೊದಲ ವಾರ ಬಲ್ಬು ಆರಿಸಿದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಹೂ ಬಿಟ್ಟಿತು. ಬೆಳಕು ಕೊಟ್ಟ ದಿನಗಳಲ್ಲಿ ಬೀದಿದೀಪವೋ ಇನ್ನೊಂದೋ ಹೊರಗಿನಿಂದ ಬಿದ್ದರೂ ತೊಂದರೆಯಿಲ್ಲ, ಆರಿಸಿದ ಮೇಲೆ ಮಾತ್ರ ಜಗಲಿಯ ಬಲ್ಬಿನ ಬೆಳಕೂ ಮಡಿಯ ಮೇಲೆ ಬೀಳದಂತೆ ಗೋಣಿ ಕಟ್ಟಬೇಕಾಯಿತು.

ಬಿಳಿ ಸಿಎಫ್‌ಎಲ್ ಬಲ್ಬು ಅಂಗಡಿಗಳಲ್ಲಿ ಈಗ ಅಪರೂಪ. ಹೋದ ತಿಂಗಳು ವಿರಾಜಪೇಟೆಯಲ್ಲಿ ಹುಡುಕಿ ಹದಿನಾಲ್ಕು ತಂದಿಟ್ಟಿದ್ದೇನೆ. ಒಂದೊಂದನ್ನೂ ಅಂಗಡಿಯಲ್ಲೇ ಉರಿಸಿ ನೋಡಿ, ಬುಡದಲ್ಲಿ ಕೊಳವೆ ಕಪ್ಪಾದುದನ್ನು ಬಿಟ್ಟು ಆಯ್ದು ತಂದದ್ದು.